ಬೂದಿಯಲ್ಲಿ ಆರಬೇಕಿದ್ದ ಕಬ್ಬಿಣ

ಸುಟ್ಟ ಗ್ರೀಸಿನ ವಾಸನೆ ಯಾರಿಗೂ ಇಷ್ಟವಾಗುವಂಥದ್ದಲ್ಲ. ಗಂಟಲಿಗೆ ಅಂಟಿಕೊಳ್ಳುತ್ತದೆ, ಸೀರೆಗೆ ಹತ್ತಿದರೆ ಮೂರು ಸಲ ಒಗೆದರೂ ಬಿಡುವುದಿಲ್ಲ. ಆದರೆ ಅದರ ಜೊತೆ ಮೇಣದ ಬತ್ತಿ ಕರಗಿದ ವಾಸನೆ ಸೇರಿದರೆ ಹುಟ್ಟುವುದು ಬೇರೆಯೇ ವಾಸನೆ: ಅರ್ಧ ಗ್ಯಾರೇಜು, ಅರ್ಧ ಚಾಪೆಲ್. ಅರವತ್ತು ವರ್ಷ ನಾನು ಅದನ್ನು ಮೂಸಿರಲಿಲ್ಲ. ಹೋದ ತಿಂಗಳು ಚಿಕ್ಕಪ್ಪನ ಮಗಳ ಮನೆಯ ತೊಟ್ಟಿಲು ಕಾರ್ಯಕ್ಕೆಂದು ಬೀದರಿನಿಂದ ಔರಾದಿಗೆ ಹೊರಟಿದ್ದೆ. ಜನವಾಡ ದಾಟಿ ಸ್ವಲ್ಪ ದೂರದಲ್ಲಿ ಲಾರಿಯೊಂದು ಕೆಟ್ಟು ರಸ್ತೆಗೆ ಅಡ್ಡ ನಿಂತಿತ್ತು, ನಮ್ಮ ಕಾರೂ ನಿಂತಿತು. ಬೇವಿನ ಮರದ ಕೆಳಗೆ ಐವತ್ತರ ಆಸುಪಾಸಿನ ಮಿಸ್ತ್ರಿಯೊಬ್ಬ ಲಾರಿಯ ಉದ್ದನೆ ಶಾಫ್ಟನ್ನು ನೆಲಕ್ಕೆ ಹಾಕಿಕೊಂಡು, ಅದರ ತುದಿಗೆ ಗ್ಯಾಸಿನ ನೀಲಿ ಉರಿ ಹಿಡಿದಿದ್ದ. ಆಮೇಲೆ ಉರಿ ಪಕ್ಕಕ್ಕಿಟ್ಟು, ಅಂಗಿಯ ಜೇಬಿನಿಂದ ಮೋಟು ಮೇಣದ ಬತ್ತಿ ತೆಗೆದು, ಕಾದ ಕಬ್ಬಿಣಕ್ಕೆ ಮುಟ್ಟಿಸಿದ. ಡ್ರೈವರ್ "ಮೇಡಂ, ಬಿಸಲದರಿ, ಇಳೀಬ್ಯಾಡ್ರಿ" ಅನ್ನುವಷ್ಟರಲ್ಲಿ ನಾನು ಇಳಿದಾಗಿತ್ತು.

"ಮೇಣ ಯಾಕ ಹಚ್ಚಲತ್ತೀಯಪ್ಪಾ?" ಎಂದು ಕೇಳಿದೆ, ಗೊತ್ತಿದ್ದೂ.

"ಜಂಗಿನ ಸಂದ್ಯಾಗ ಹೊಕ್ಕು ದಾರಿ ಮಾಡ್ತದರಿ ಆಯಿ. ನಮ್ಮ ಉಸ್ತಾದ್ರು ಕಲಿಸಿದ್ದು," ಎಂದ. ಅಲ್ಲೇ ಇದ್ದ ಕಲ್ಲಿನ ಮೇಲೆ ಕೂತೆ.

ನಮ್ಮ ಮನೆ ಬೀದರಿನಲ್ಲಿ ಔರಾದ ರಸ್ತೆಗೆ ಮುಖ ಮಾಡಿತ್ತು. ಮುಂದೆ ತಗಡಿನ ಗ್ಯಾರೇಜು, ಹಿಂದೆ ಮನೆ, ನಡುವೆ ಒಂದು ಗೋಣಿಚೀಲದ ಪರದೆ. ಆ ಪರದೆಯ ಈಚೆಗೆ ಅವ್ವ ಜೋಳದ ರೊಟ್ಟಿ ಬಡಿಯುವ ಸದ್ದು, ಆಚೆಗೆ ಸುತ್ತಿಗೆಯ ಸದ್ದು. ಎರಡೂ ಬೆರೆತು ನನಗೆ ಬೆಳಗಾಗುತ್ತಿತ್ತು. ಅಪ್ಪ ಜಳಕ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಗೆ ಮೂರು ಬೆರಳು ವಿಭೂತಿ ಎಳೆದುಕೊಂಡು, ಅದರ ಮೇಲೆ ಖಾಕಿ ತೊಟ್ಟು ಹೊರಬರುತ್ತಿದ್ದರು. ಗ್ಯಾರೇಜಿನ ಗೋಡೆಯ ಮೇಲೆ ಶರಣರ ಫೋಟೋ ಇತ್ತು. ಗಿರಾಕಿಗಳೊಡನೆ ಅಪ್ಪ ಮಾತಿಗೆ ಕೂತರೆ ಶರಣರ ಮಾತಿಲ್ಲದೆ ಮುಗಿಯುತ್ತಿರಲಿಲ್ಲ: ಎಲ್ಲರೂ ಒಂದು, ಕಾಯಕವೇ ದೊಡ್ಡದು, ಸುಳ್ಳಾಡಬಾರದು. ನಾನು ಬಾಯಿ ತೆರೆದು ಕೇಳುತ್ತಿದ್ದೆ. ಐ ವರ್ಶಿಪ್ಡ್ ಹಿಮ್. ಅದನ್ನು ಕನ್ನಡದಲ್ಲಿ ಹೇಳಲು ಈಗಲೂ ನನಗೆ ನಾಚಿಕೆ.

ಗ್ಯಾರೇಜು ಅಪ್ಪನದು, ಆದರೆ ಕೈ ಮಾಣಿಕ ಕಾಕಾನದು. ಭಾಲ್ಕಿ ತಾಲೂಕಿನ ಮೆಹಕರದವನು. ಬೌದ್ಧರಾದ ದಲಿತ ಮನೆತನ, ಮಾತಿನಲ್ಲಿ ಅರ್ಧ ಮರಾಠಿ. ಲಾರಿಯ ಶಾಫ್ಟಿನ ಎರಡು ತುದಿಗೆ ಕವೆಯಂಥ ಕಬ್ಬಿಣವಿರುತ್ತದೆ, ಅದಕ್ಕೆ ಯೋಕ್ ಅನ್ನುತ್ತಾರೆ. ಅದರ ಎರಡು ಕಿವಿಗಳ ನಡುವೆ ಕೂಡಿಸುವ ನಾಲ್ಕು ಕೈಯ ಜಾಯಿಂಟಿಗೆ ಕ್ರಾಸ್ ಅಂತ ಹೆಸರು. ಕ್ರಾಸಿನ ಪ್ರತಿ ಕೈಗೂ ಉಕ್ಕಿನ ಒಂದು ಕಪ್. ನಮ್ಮ ಕಡೆಯ ಧೂಳು, ಮಳೆಗಾಲದ ಕೆಸರು ಎರಡೂ ಕುಡಿದು ಆ ಕಪ್‌ಗಳು ಕಿವಿಯೊಳಗೆ ಜಂಗು, ಅಂದರೆ ತುಕ್ಕು, ಹಿಡಿದು ಕೂತವೆಂದರೆ, ಹತ್ತು ಜನ ಬಡಿದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ. ಬೇರೆ ಗ್ಯಾರೇಜಿನವರು ಬಡಿದು ಬಡಿದು ಯೋಕನ್ನೇ ಸೊಟ್ಟ ಮಾಡಿ ಕೊನೆಗೆ ನಮ್ಮಲ್ಲಿಗೆ ಹೊತ್ತು ತರುತ್ತಿದ್ದರು. ಕಾಕಾ ಅದನ್ನು ಮಗುವಿನ ತಲೆ ಸವರಿದಂತೆ ಸವರಿ, "ಎಷ್ಟು ಹೊಡದಾರೋ ಪಾಪ, ಸಿಟ್ಟಾಗಿ ಕೂತದ. ಕಾಸಿದ್ರ ಮಾತು ಕೇಳ್ತದ" ಅನ್ನುತ್ತಿದ್ದ. ಕಪ್ಪಿಗೆ ಉರಿ ತಾಗಿಸುತ್ತಿರಲಿಲ್ಲ. ಒಳಗಿನ ಗ್ರೀಸು ಕುದ್ದರೆ ಕಪ್ ಗುಂಡಿನಂತೆ ಹಾರುತ್ತದೆ. ಸುತ್ತಲಿನ ಕಿವಿಗೆ ಮಾತ್ರ, ಕೆಂಪಾಗುವ ಮೊದಲೇ ನಿಲ್ಲಿಸಿ, ಮೇಣ ಮುಟ್ಟಿಸುತ್ತಿದ್ದ. ಮೇಣ ಕರಗಿ, ಹೊಗೆಯಾಡಿ, ಕೂದಲು ಹೋಗದ ಸಂದಿನೊಳಕ್ಕೆ ತಾನಾಗಿ ಎಳೆದುಕೊಂಡು ಹೋಗುತ್ತಿತ್ತು. ಆಮೇಲೆ ಎರಡೇ ಏಟು. ಕಪ್ ಟಣ್ ಎಂದು ಕೆಳಗೆ.

ಮೇಣ ನನ್ನದು. ಕಾನ್ವೆಂಟಿನಲ್ಲಿ ಪ್ರತಿ ಶುಕ್ರವಾರ ಚಾಪೆಲ್ ಕ್ಲೀನಿಂಗ್ ಡ್ಯೂಟಿ ನಮ್ಮ ಕ್ಲಾಸಿಗೆ. ಉರಿದು ಉಳಿದ ಮೋಟು ಬತ್ತಿಗಳನ್ನು ನಾನು ಪಿನಾಫೋರಿನ ಜೇಬಿಗೆ ಸೇರಿಸುತ್ತಿದ್ದೆ. ಒಂದು ದಿನ ಸಿಸ್ಟರ್ ಹಿಡಿದರು. ಲಾರಿ ರಿಪೇರಿಗೆ ಎಂದು ನಿಜ ಹೇಳಿದೆ. ಅವರು "ಆಲ್‌ವೇಸ್ ಆಸ್ಕ್, ಚೈಲ್ಡ್" ಎಂದು, ತಾವೇ ಒಂದು ಬೊಗಸೆ ತುಂಬಿ ಕೊಟ್ಟರು. ಈ ಕತೆ ಕೇಳಿ ಕಾಕಾ ಹೊಟ್ಟೆ ಹಿಡಿದು ನಕ್ಕ. ಅಂದಿನಿಂದ ನನಗೆ ಸಿಸ್ಟರಬಾಯಿ ಎಂದೇ ಹೆಸರಿಟ್ಟ. "ಬರ್ರಿ ಸಿಸ್ಟರಬಾಯಿ, ಇವತ್ತೇನು ತಂದೀರಿ ದೇವರ ಮನಿಯಿಂದ? ನಿಮ್ಮ ಯೇಸೂನ ಬತ್ತಿ, ನಿಮ್ಮಪ್ಪನ ವಿಭೂತಿ, ನನ್ನ ಬುದ್ಧ, ಮೂರೂ ಕೂಡಿದ್ರೂ ಈ ಕಪ್ ಒಂದೊಂದ್ಸಲ ಹೊರಗ ಬರಲ್ಲ ನೋಡ್ರಿ!" ಬತ್ತಿಗಳನ್ನು ಅವನು ಒಂದು ಸಿಗರೇಟಿನ ತಗಡು ಡಬ್ಬಿಯಲ್ಲಿ ಹಾಕಿ ಇಡುತ್ತಿದ್ದ. ಅದನ್ನು ನನ್ನ ಹೊರತು ಯಾರೂ ಮುಟ್ಟುವಂತಿರಲಿಲ್ಲ.

ಕಾಸಿದ ಯೋಕನ್ನು ಕಾಕಾ ಒಲೆಯ ಬೂದಿ ತುಂಬಿದ ಪೆಟ್ಟಿಗೆಯಲ್ಲಿ ಹೂಳುತ್ತಿದ್ದ. ಅದು ಒಳಗೇ ಮೆಲ್ಲಗೆ, ತಾನಾಗಿ ಆರಬೇಕು. ಅರ್ಧ ದಿನ ಹಿಡಿದರೂ ಸರಿಯೇ. ನೀರು ಹಾಕಿದರೆ ಮೇಲೆ ಏನೂ ಕಾಣುವುದಿಲ್ಲ, ಒಳಗೆ ಕಬ್ಬಿಣ ಗಾಜಿನಂತಾಗುತ್ತದೆ, ಲೋಡ್ ಬಿದ್ದಾಗ ಒಡೆಯುತ್ತದೆ. ಇದನ್ನು ನನಗೆ ಎಬಿಸಿಡಿ ಕಲಿಸಿದಂತೆ ಕಲಿಸಿದ್ದ.

ನೀರಿನ ಮಾತು ಬಂತಲ್ಲ, ಇನ್ನೊಂದು ಹೇಳಬೇಕು. ಗ್ಯಾರೇಜಿನ ಒಳಗೆ, ಶರಣರ ಫೋಟೋದ ಕೆಳಗೆ ನಮ್ಮ ತಾಮ್ರದ ಕೊಡ ಇರುತ್ತಿತ್ತು. ಹೊರಗೆ ಬೇವಿನ ಬುಡದಲ್ಲಿ ಕಾಕಾನ ಮಣ್ಣಿನ ಗಡಿಗೆ. ನಮ್ಮ ಕೊಡವನ್ನು ಅವನು ಮುಟ್ಟುತ್ತಿರಲಿಲ್ಲ. ಮುಟ್ಟಬೇಡ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ, ಹಾಗೆ ನಡೆದುಕೊಂಡು ಬಂದಿತ್ತು. ಎಲ್ಲರೂ ಒಂದು ಎಂದು ಅಪ್ಪ ಹೇಳುವಾಗ ಅವರ ತಲೆಯ ಹಿಂದೆಯೇ ಆ ಕೊಡ ಹೊಳೆಯುತ್ತಿತ್ತು. ನನಗೆ ಹತ್ತು ವರ್ಷ. ನನ್ನ ಕಣ್ಣಿಗೆ ಅದು ಕೊಡ ಅಷ್ಟೇ.

ಆ ಶನಿವಾರ ಸಾಲಿ ಸೂಟಿ, ಶಾಲೆಗೆ ರಜೆ ಇತ್ತು. ಸಿಮೆಂಟು ಹೇರಿಕೊಂಡ ಲಾರಿಯೊಂದು ಔರಾದಿಗೆ ಹೊರಟಿದ್ದು ನಮ್ಮ ಮುಂದೆಯೇ ಕೆಟ್ಟಿತು. ಅದರ ಮಾಲೀಕನಿಗೆ ಇನ್ನೂ ಎಂಟು ಲಾರಿಗಳಿದ್ದವು. ಅವೆಲ್ಲ ನಮ್ಮಲ್ಲಿಗೇ ಬರಲಿ ಎಂದು ಅಪ್ಪ ಎಷ್ಟೋ ದಿನದಿಂದ ಆಸೆಪಟ್ಟಿದ್ದರು. ಕಾಕಾ ಕ್ರಾಸ್ ಬಿಡಿಸಿ, ಯೋಕನ್ನು ಬೂದಿಯಲ್ಲಿ ಹೂತು, ಹೆಂಡತಿಯನ್ನು ಭಾಲ್ಕಿ ಬಸ್ಸಿಗೆ ಹತ್ತಿಸಿ ಬರಲು ಹೊರಟ. ಹೋಗುವಾಗ ನನ್ನನ್ನು ಪೆಟ್ಟಿಗೆಯ ಪಕ್ಕ ಕೂಡಿಸಿ, "ಸಿಸ್ಟರಬಾಯಿ, ನೀವು ಇಲ್ಲಿ ಪೊಲೀಸ್. ನಾ ಬರೂತನಕ ಯಾರಿಗೂ ಮುಟ್ಟಗೊಡಬ್ಯಾಡ್ರಿ" ಎಂದ. ನಾನು ಸೆಲ್ಯೂಟ್ ಹೊಡೆದೆ.

ಮಾಲೀಕ ಕೈಗಡಿಯಾರ ನೋಡುತ್ತ ಅತ್ತಿಂದಿತ್ತ ತಿರುಗುತ್ತಿದ್ದ. "ಆಗಲ್ಲಂದ್ರ ಹೇಳ್ರಿ, ಬ್ಯಾರೆ ಕಡಿ ನೋಡ್ತೇನಿ" ಎಂದು ಅವನು ಚಹಾದ ಅಂಗಡಿಯ ಕಡೆ ಹೋದ ಕೂಡಲೇ ಅಪ್ಪ ಇಕ್ಕಳದಿಂದ ಯೋಕನ್ನು ಎಳೆದು ಹೊರಗಿಟ್ಟರು. "ಅಪ್ಪಾ, ಕಾಕಾ ಬ್ಯಾಡ ಅಂದಾನ," ಎಂದೆ. "ಭಾಳ ಶಾಣ್ಯಾಕಿ ಆಗಬ್ಯಾಡ. ಹೋಗು, ಕೊಡ ತಗೊಂಡು ಬಾ." ನಾನು ತಂದೆ. ಎರಡು ಕೈಯಲ್ಲಿ ಎದೆಗೆ ಅವುಚಿಕೊಂಡು ತಂದೆ. ಅಪ್ಪ ಬಗ್ಗಿಸಿದರು. ಆ ಸುಂಯ್ ಅನ್ನುವ ಸದ್ದು, ಮುಖಕ್ಕೆ ಬಡಿದ ಹಬೆ! "ಕಾಕಾಗ ಹೇಳಬ್ಯಾಡ," ಎಂದರು. ಬಸ್ಸು ತಡವಾಗಿ ಕಾಕಾ ಬರುವುದರೊಳಗೆ ಹೊಸ ಕ್ರಾಸ್ ಕೂತು ಲಾರಿ ಹೋಗಿಯಾಗಿತ್ತು, ನೆಲದ ನೀರೂ ಬಿಸಿಲಿಗೆ ಒಣಗಿತ್ತು. "ಇಷ್ಟು ಲಗೂ ಆರಿತೇನ್ರಿ ಅಣ್ಣಾರ?" ಎಂದು ಕಾಕಾ ಕೇಳಿದ. "ಆರಿತ್ತು," ಎಂದರು ಅಪ್ಪ. ಕಾಕಾ ನನ್ನನ್ನು ನೋಡಿದ. ನಾನು ನನ್ನ ಕಾಲಿನ ಉಂಗುಟ ನೋಡಿದೆ.

ಸಂತಪುರದ ಹತ್ತಿರ ಆ ಯೋಕಿನ ಕಿವಿ ಒಡೆಯಿತು. ಶಾಫ್ಟು ಕಳಚಿ ನೆಲಕ್ಕೆ ನೆಟ್ಟು, ಲಾರಿ ತಗ್ಗಿಗೆ ಉರುಳಿ ಡ್ರೈವರನ ಕಾಲು ಮುರಿಯಿತು. ಸೋಮವಾರ ಸಂಜೆ ನಾನು ಸಾಲಿಯಿಂದ ಬಂದಾಗ ಮಾಲೀಕ ಒಡೆದ ಕಬ್ಬಿಣವನ್ನು ಗೋಣಿಯಲ್ಲಿ ಸುತ್ತಿ ತಂದು ಗ್ಯಾರೇಜಿನ ನಡುವೆ ಬಿಸಾಕಿದ್ದ. ಸುತ್ತ ಜನ ಸೇರಿದ್ದರು. ಕಾಕಾ ತುಂಡನ್ನು ಎತ್ತಿ, ಒಡೆದ ಮೈಯನ್ನು ಬೆಳಕಿಗೆ ಹಿಡಿದು ನೋಡಿ, ಹಿಂದೆ ಮುಂದೆ ಯೋಚಿಸದೆ ಇದ್ದದ್ದನ್ನು ಹೇಳಿಬಿಟ್ಟ: "ಇದಕ್ಕ ನೀರು ಕುಡಸ್ಯಾರ."

"ಕಾಸಿದಾಂವ ನೀನು. ಮತ್ಯಾರು ಹಾಕ್ತಾರ?" ಎಂದರು ಅಪ್ಪ. ಒಂದು ಕ್ಷಣವೂ ತಡಮಾಡಲಿಲ್ಲ. ಅದೇ ನನಗೆ ಇವತ್ತಿಗೂ ನುಂಗಲಾಗದ ಮಾತು, ಆ ಒಂದು ಕ್ಷಣವೂ ತಡವಾಗದಿದ್ದದ್ದು.

ಕಾಕಾ ಕಬ್ಬಿಣವನ್ನು ಮೆಲ್ಲಗೆ ಕೆಳಗಿಟ್ಟ. ಅಪ್ಪನ ಮುಖವನ್ನು ನೋಡಿ, ದನಿ ಏರಿಸದೆ ಕೇಳಿದ: "ಯಾವ ಕೊಡದ್ದು ನೀರು, ಅಣ್ಣಾರ?"

ಅಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು. ಅವನ ಗಡಿಗೆ ಹೊರಗೆ ಮರದ ಬುಡದಲ್ಲಿ, ಎರಡು ಚೆಂಬು ನೀರು ಹಿಡಿಯುವಂಥದ್ದು. ಅಷ್ಟು ದಪ್ಪ ಕಬ್ಬಿಣ ಆರಿಸಲು ಬೇಕಾದ ನೀರು ಇದ್ದದ್ದು ತಾಮ್ರದ ಕೊಡದಲ್ಲಿ, ಅದನ್ನು ಅವನು ಒಂದು ದಿನವೂ ಮುಟ್ಟಿದವನಲ್ಲ. ಅವನಿಗೆ ಮಾಡಿದ ಅವಮಾನವೇ ಅವನ ನಿರಪರಾಧಿತ್ವಕ್ಕೆ ಸಾಕ್ಷಿಯಾಗಿ ನಿಂತಿತ್ತು. ಅದನ್ನು ಹೇಳಬೇಕಾದರೆ ಮೊದಲು ಅವಮಾನವನ್ನು ಒಪ್ಪಬೇಕು.

ಅಪ್ಪ ನನ್ನ ಹೆಗಲ ಮೇಲೆ ಕೈ ಇಟ್ಟು ಮಾಲೀಕನ ಮುಂದೆ ನಿಲ್ಲಿಸಿದರು. "ನನ್ನ ಮಗಳು ಕಾನ್ವೆಂಟಿನ್ಯಾಗ ಓದ್ತಾಳ್ರಿ ಸಾವ್ಕಾರ್ರ, ಸುಳ್ಳು ಹೇಳೋದಿಲ್ಲ. ಅಲ್ಲೇ ಕೂತಿದ್ಲು, ಎಲ್ಲಾ ನೋಡ್ಯಾಳ. ಹೇಳವ್ವಾ, ಮಾಣಿಕನೇ ನೀರು ಹಾಕಿದ್ನಲ್ಲ?" ಯೂನಿಫಾರ್ಮು ಇನ್ನೂ ಮೈಮೇಲಿತ್ತು, ಟೈ ಕೊರಳಲ್ಲಿತ್ತು. ಬೆರಳುಗಳು ಹೆಗಲನ್ನು ಒತ್ತುತ್ತಿದ್ದವು. "ಯೆಸ್," ಎಂದೆ. ಕನ್ನಡದಲ್ಲಿ ಹೂಂ ಅನ್ನಲು ಬಾಯಿ ಬರಲಿಲ್ಲವೋ ಏನೋ, ಇಂಗ್ಲಿಷಿನಲ್ಲಿ ಹೇಳಿದೆ. ಜನಕ್ಕೆ ಅದು ಇನ್ನೂ ದೊಡ್ಡ ಸತ್ಯವಾಗಿ ಕೇಳಿಸಿರಬೇಕು.

ಕಾಕಾ ಸುತ್ತಿಗೆ, ಇಕ್ಕಳ, ಎಲ್ಲ ಹತ್ಯಾರಗಳನ್ನು ಅಲ್ಲೇ ಬಿಟ್ಟ. ಮರದ ಬುಡದ ಗಡಿಗೆಯಲ್ಲಿದ್ದ ನೀರನ್ನು ಬೇವಿಗೆ ಸುರಿದು ಅದನ್ನು ಬಗಲಿಗೆ ಇಟ್ಟುಕೊಂಡ. ಸಿಗರೇಟಿನ ಡಬ್ಬಿಯಿಂದ ಮೋಟು ಬತ್ತಿಗಳನ್ನೆಲ್ಲ ನನ್ನ ಬೊಗಸೆಗೆ ಬಗ್ಗಿಸಿ, ಖಾಲಿ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ನಡೆದ. ಆಮೇಲೆ ಔರಾದಿನಲ್ಲಿ ಒಂದು ತಗಡಿನ ಶೆಡ್ ಹಾಕಿದನೆಂದು ಕೇಳಿದೆವು. ನಮ್ಮಲ್ಲಿ ಕಪ್‌ಗಳು ಕಿತ್ತು ಹೊರಬರುವುದು ನಿಂತಿತು. ಅಪ್ಪ ಬಡಿದರು, ಯೋಕುಗಳು ಸೊಟ್ಟಾದವು, ಲಾರಿಗಳು ಒಂದೊಂದಾಗಿ ಬೇರೆ ದಾರಿ ಹಿಡಿದವು. ಈಗ ಅಲ್ಲಿ ಟೈಲ್ಸ್ ಅಂಗಡಿ ಇದೆ, ಬೇವೂ ಇಲ್ಲ. ಅಪ್ಪ ಇನ್ನೂ ಮೂವತ್ತು ವರ್ಷ ಬದುಕಿದರು, ಪೂಜೆ ತಪ್ಪಿಸಲಿಲ್ಲ, ಶರಣರ ಮಾತು ಬಿಡಲಿಲ್ಲ. ನಾನು ಕೇಳುವುದನ್ನು ಬಿಟ್ಟೆ. ಆ ಟರ್ಮಿನಲ್ಲಿ ಮಾರಲ್ ಸೈನ್ಸಿಗೆ ನಾನೇ ಫಸ್ಟ್ ಬಂದೆ. ಸಿಸ್ಟರ್ ಕೊಟ್ಟ ಪ್ರೈಜನ್ನು ಅಪ್ಪ ಶರಣರ ಫೋಟೋದ ಪಕ್ಕ, ಕೊಡದ ಮೇಲೆ, ತೂಗು ಹಾಕಿದರು. ನನ್ನನ್ನು ಪ್ರೀತಿಸಿದವರೇ ನನ್ನನ್ನು ಹಾಗೆ ಬಳಸಿಕೊಂಡರಲ್ಲ! ಅವರನ್ನು ಪ್ರೀತಿಸುವುದನ್ನು ನನಗೆ ಪೂರ್ತಿ ಬಿಡಲಾಗಲಿಲ್ಲ. ಆ ಮನೆ ಹೋಯಿತೆಂದು ಅಳುವಾಗ ಯಾವ ಮನೆಗೆಂದು ಅಳುತ್ತಿದ್ದೇನೆ ಎಂಬುದೇ ನನಗೆ ತಿಳಿಯುವುದಿಲ್ಲ.

ಬೇವಿನ ಕೆಳಗೆ ಆ ಮಿಸ್ತ್ರಿ ಎರಡು ಏಟು ಹಾಕಿದ. ಕಪ್ ಟಣ್ ಎಂದಿತು. ಅವನು ಒಂದು ಡಬ್ಬದ ತುಂಬ ತಂದಿದ್ದ ಬೂದಿಯಲ್ಲಿ ಯೋಕನ್ನು ಹೂಳತೊಡಗಿದ.

"ನಿಮ್ಮ ಉಸ್ತಾದ್ರು ಯಾರಪ್ಪಾ?"

"ಮಾಣಿಕ ಮಿಸ್ತ್ರಿ ಅಂತರಿ. ತೀರಿ ಹೋಗಿ ಭಾಳ ದಿನ ಆತು. ಕೆಲಸಕ್ಕ ಬಂದ ಪ್ರತಿಯೊಬ್ಬಗೂ ಮೊದಲ ದಿನ ಒಂದು ಕತಿ ಹೇಳ್ತಿದ್ರು. ಬೀದರದಾಗ ಒಬ್ಬ ಗ್ಯಾರೇಜಿನ ಮಾಲಕ ಅವಸರಕ್ಕ ಬಿಸಿ ಯೋಕಿಗಿ ನೀರು ಹಾಕಿದ್ನಂತ, ಡ್ರೈವರನ ಕಾಲು ಹೋತಂತ. ತಪ್ಪು ಉಸ್ತಾದ್ರ ಮ್ಯಾಲ ಹಾಕಿದ್ನಂತ."

"ನೋಡಿದವರು ಯಾರೂ ಇರಲಿಲ್ಲೇನು?"

"ಮಾಲಕಗ ಒಬ್ಬಾಕಿ ಸಣ್ಣ ಮಗಳಿದ್ಲಂತರಿ. ಮೇಣ ತಂದು ಕೊಡ್ತಿದ್ದಾಕಿ ಆಕೀನೇ. ಆಕಿ ಇದ್ದಿದ್ರ ಖರೇ ಹೇಳ್ತಿದ್ಲು ಅಂತಿದ್ರು ಉಸ್ತಾದ್ರು. ಆದರ ಏನು ಮಾಡೂದು, ಆಕಿ ಅವತ್ತ ಸಾಲ್ಯಾಗಿದ್ಲು."

ಲಾರಿಯನ್ನು ಬದಿಗೆ ತಳ್ಳಿ ರಸ್ತೆ ತೆರವು ಮಾಡಿದ್ದರು. ನನ್ನ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ತನ್ನ ಕತೆಯಿಂದ ಕಾಕಾ ನನ್ನೊಬ್ಬಳನ್ನು ಎತ್ತಿ, ಎತ್ತಿಕೊಂಡು ಹೋಗಿ ಕ್ಲಾಸ್‌ರೂಮಿನಲ್ಲಿ ಕೂಡಿಸಿ ಬಂದಿದ್ದ.

"ಅವತ್ತ ಸಾಲಿ ಸೂಟಿ ಇತ್ತಪ್ಪಾ," ಎಂದೆ.

ಬೂದಿ ಎಳೆಯುತ್ತಿದ್ದ ಅವನ ಕೈ ನಿಂತಿತು. ನನ್ನ ಮುಖ ನೋಡಿದ. ಆಮೇಲೆ ಬೂದಿಯನ್ನು ಕಬ್ಬಿಣದ ಮೇಲೆ ಪೂರ್ತಿ ಎಳೆದು, ಅಂಗೈಯಿಂದ ಮೆಲ್ಲಗೆ ಒತ್ತಿದ.

"ಇದು ಆರಲಿಕ್ಕ ಭಾಳ ಹೊತ್ತು ಬೇಕರಿ ಆಯಿ. ನೀವು ನಡೀರಿ, ನಿಮ್ಮ ಗಾಡಿ ಕಾಯಲತ್ತದ."

"ಕಾಯಲಿ," ಎಂದೆ. "ನಾ ಇಲ್ಲೇ ಕೂಡ್ತೇನಿ."