ಮಾವನವರ ವೀಸಾ ತಡವಾದದ್ದು

ಪರದೇಶಕ್ಕೆ ಬಂದ ಹೊಸದರಲ್ಲಿ, ಹ್ಯಾರಿಸನ್ ಎಂಬ ಊರಿನ ಕೋಟು ಹೊಲಿಯುವ ಕಾರ್ಖಾನೆಯಲ್ಲಿ ನನಗೆ ಕೆಲಸವೇನೋ ಸಿಕ್ಕಿತ್ತು, ಮಗುವನ್ನು ನೋಡಿಕೊಳ್ಳುವವರು ಸಿಕ್ಕಿರಲಿಲ್ಲ. ಕೆಳಗಿನ ಮನೆಯ ಸಲೀಮನ ತಾಯಿಯನ್ನು ಕೇಳಲು ಹೋದೆ. ಅವರು ಲೆಬನಾನಿನ ಬೆಟ್ಟದ ಮೇಲಿನ ಪುಟ್ಟ ಹಳ್ಳಿಯವರು, ಪುನರ್ಜನ್ಮವನ್ನು ನಂಬುವ ಡ್ರೂಜ್ ಪಂಗಡದವರು. ತಲೆಯ ಮೇಲೆ ಯಾವಾಗಲೂ ಬಿಳಿ ವಸ್ತ್ರ; ಪರಗಂಡಸರು ಎದುರಾದರೆ ಅದು ಬಾಯಿಗೂ ಬರುತ್ತಿತ್ತು. ಇಬ್ಬರ ಇಂಗ್ಲಿಷೂ ಹರಕು, ಹಾಗಾಗಿ ಮಾತು ಚೆನ್ನಾಗಿ ನಡೆಯುತ್ತಿತ್ತು.

ಮಗುವನ್ನು ದಿಟ್ಟಿಸಿ, "ಇವನು ಹಿಂದೆ ಯಾರಾಗಿದ್ದ?" ಎಂದರು. ಅವರ ಊರಲ್ಲಿ ಪ್ರತಿ ಮಗುವೂ ಸತ್ತವರಲ್ಲಿ ಯಾರೋ ಒಬ್ಬರು ಮತ್ತೆ ಹುಟ್ಟಿ ಬಂದದ್ದಂತೆ. ಒಬ್ಬ ಹುಡುಗ ಮಾತು ಬಂದ ಕೂಡಲೇ ನೆರೆಯ ವಿಧವೆಯ ಮನೆಗೆ ಹೋಗಿ, "ನನ್ನ ಕೊಡಲಿ ಯಾರಿಗೆ ಕೊಟ್ಟೆಯೇ?" ಎಂದು ಜಗಳ ತೆಗೆದಿದ್ದನಂತೆ.

"ನಮ್ಮ ಮಾವನವರೇ ಹುಟ್ಟಿದ್ದಾರೆ ಅಂತಾರೆ ನಮ್ಮತ್ತೆ," ಎಂದೆ.

"ಅವರು ತೀರಿಕೊಂಡದ್ದು ಯಾವಾಗ?"

"ಇವನು ಹುಟ್ಟೋಕೆ ಎರಡು ವರ್ಷ ಮುಂಚೆ."

ಅವರ ಮುಖ ಬಿಗಿಯಿತು. ಅವರ ಪ್ರಕಾರ ಉಸಿರು ನಿಂತ ಗಳಿಗೆಯಲ್ಲೇ ಇನ್ನೊಂದು ಕಡೆ ಹುಟ್ಟಿಬಿಡಬೇಕು. "ಎರಡು ವರ್ಷ ಎಲ್ಲಿದ್ದರು?"

ಕೆಲಸ ಕೈತಪ್ಪಿತು ಅಂದುಕೊಂಡೆ. "ವೀಸಾಗೆ ಕಾಯ್ತಿದ್ದರು," ಅಂದುಬಿಟ್ಟೆ.

"ನನಗೂ ಅಷ್ಟೇ ಹಿಡಿಯಿತು," ಎಂದು ತಲೆಯಾಡಿಸಿ ಮಗುವನ್ನು ಎತ್ತಿಕೊಂಡರು.

ಮೊದಲ ದಿನ ಕೆಲಸ ಮುಗಿಸಿ ಬಂದಾಗ, ಬಿಳಿ ವಸ್ತ್ರವನ್ನು ಮೂಗಿನವರೆಗೆ ಎಳೆದುಕೊಂಡು ಮಗುವಿಗೆ ಗಂಜಿ ತಿನ್ನಿಸುತ್ತಿದ್ದರು.

"ಗಂಡಸರು ಯಾರಾದರೂ ಬಂದಿದ್ದಾರಾ?" ಎಂದೆ.

"ನಿನ್ನ ಮಾವ ಕೂತಿಲ್ಲವೇ? ನೀನೂ ತಲೆ ಮುಚ್ಚಿಕೋ, ಮಗಳೇ."

ಸೆರಗು ಹೊದ್ದುಕೊಂಡೇ ಮಾವನವರ ಡೈಪರ್ ಬದಲಿಸಿದೆ. ಅವರು ಬದುಕಿದ್ದಾಗ ನನ್ನಿಂದ ಇಷ್ಟು ಮರ್ಯಾದೆ ಕಂಡಿರಲಿಲ್ಲ.