ಒಳಮೈ ನೋಡದ ಲೆಕ್ಕ

ಆ ಹೈಸ್ಕೂಲಿನ ಹೊಲಿಗೆ ಕೋಣೆಯಲ್ಲಿ ಹನ್ನೆರಡು ಮಷೀನುಗಳಿದ್ದವು. ಈಗಲೂ ಇವೆ, ಆದರೆ ಹಿಂದಿನ ಗೋಡೆಗೆ ಒತ್ತರಿಸಿಕೊಂಡು, ಹಳೆಯ ಪರದೆಯೊಂದನ್ನು ಹೊದ್ದುಕೊಂಡು. ಅವುಗಳ ಜಾಗಕ್ಕೆ ಬೆಂಚುಗಳು ಬಂದಿವೆ. ಬೋರ್ಡಿನ ಮೇಲೆ ‘ಆದಾಯ’, ‘ಖರ್ಚು’ ಎಂಬ ಎರಡು ಕಾಲಂಗಳು ವರ್ಷವಿಡೀ ಅಳಿಸದೆ ಉಳಿದಿರುತ್ತವೆ.

ಕೋಣೆಯ ಟೀಚರಿಗೆ ಐವತ್ತಾರು ವರ್ಷ. ಇಪ್ಪತ್ತೊಂಬತ್ತು ವರ್ಷ ಅವರು ಮಕ್ಕಳಿಗೆ ದಿಂಬಿನ ಚೀಲದಿಂದ ಹಿಡಿದು ಕಾಲರಿನ ಅಂಗಿಯವರೆಗೆ ಹೊಲಿಯಲು ಕಲಿಸಿದರು. ಯಾವುದನ್ನೂ ಹೊರಗಿನಿಂದ ನೋಡಿ ಅಂಕ ಕೊಟ್ಟವರಲ್ಲ. “ತಿರುವಿ ತೋರ್ಸು” ಎನ್ನುತ್ತಿದ್ದರು. ಒಳಮೈಯಲ್ಲಿ ದಾರ ಗಂಟುಕಟ್ಟಿದ್ದರೆ, ಅಂಚು ಎಳೆ ಬಿಟ್ಟಿದ್ದರೆ, ಬಿಚ್ಚಿ ಮತ್ತೆ ಹೊಲಿಯಬೇಕು. ಹೀಗಾಗಿ ಅವರಿಗೆ ‘ತಿರುವಿ ಮೇಡಂ’ ಎಂದು ಹೆಸರು ಬಿತ್ತು. ಅವರ ಹತ್ತಿರ ಕಲಿತ ಇಬ್ಬರು ಈಗ ಅದೇ ಶಾಲೆಯಲ್ಲಿ ಪಾಠ ಮಾಡುತ್ತಾರೆ. ಬೆನ್ನ ಹಿಂದೆ ಅವರೂ ಹಾಗೆಯೇ ಕರೆಯುತ್ತಾರೆ.

ಎರಡು ವರ್ಷದ ಹಿಂದೆ ಆದೇಶ ಬಂತು. ಹೈಸ್ಕೂಲಿನ ಕೊನೆಯ ತರಗತಿಗೆ ‘ವೈಯಕ್ತಿಕ ಹಣಕಾಸು’ ಕಡ್ಡಾಯ. ಅದರಲ್ಲಿ ಪಾಸಾಗದವರಿಗೆ ಪ್ರಮಾಣಪತ್ರ ಇಲ್ಲ. ವಾರಕ್ಕೆ ನಾಲ್ಕು ಪೀರಿಯಡ್ ಎಲ್ಲಿಂದಲಾದರೂ ತರಬೇಕಿತ್ತು, ಹೊಲಿಗೆಯಿಂದ ತಂದರು. ಪಾಠ ಮಾಡುವವರೂ ಬೇಕಿತ್ತಲ್ಲ. “ನಿಮಗೇನು ಕಷ್ಟ ಮೇಡಂ, ಅಳೆಯೋದು, ಕತ್ತರಿಸೋದು ತಾನೆ? ಬಟ್ಟೆ ಬದ್ಲು ಸಂಬಳ” ಎಂದರು ಹೆಡ್‌ಮಾಸ್ಟರು. ಆರು ದಿನದ ತರಬೇತಿಗೆ ಕಳಿಸಿದರು.

ಟೀಚರ್ ಬೇಸರಪಟ್ಟುಕೊಳ್ಳಲಿಲ್ಲ. ಇಪ್ಪತ್ತಾರನೇ ವಯಸ್ಸಿನಲ್ಲಿ ತಮ್ಮನ ಸಾಲಕ್ಕೆ ಜಾಮೀನು ಸಹಿ ಹಾಕಿ, ಏಳು ವರ್ಷ ತಮ್ಮದೇ ಸಂಬಳದಿಂದ ಕಂತು ಕಟ್ಟಿದವರು ಅವರು. ಸಹಿ ಹಾಕಿದ ಕಾಗದವನ್ನು ಓದಿಯೇ ಇರಲಿಲ್ಲ. ಹದಿನಾರರಲ್ಲಿ ಯಾರಾದರೂ ಕೂರಿಸಿ ಹೇಳಿಕೊಟ್ಟಿದ್ದರೆ ಎಂದು ಅನೇಕ ಸಲ ಅಂದುಕೊಂಡಿದ್ದರು. ಈಗ ಹೇಳಿಕೊಡುವ ಕೆಲಸ ತಮ್ಮ ಪಾಲಿಗೇ ಬಂದಿತ್ತು. ಕಂತಿನ ಮೇಲೆ ಮೊಬೈಲ್ ಕೊಂಡರೆ ಅಸಲು ಬೆಲೆಯ ಮೇಲೆ ಎಷ್ಟು ಹೆಚ್ಚು ಕಟ್ಟುತ್ತೇವೆ ಎಂದು ಲೆಕ್ಕ ಹಾಕಿಸಿದ ದಿನ ಗಂಟೆ ಬಾರಿಸಿದರೂ ಮಕ್ಕಳು ಎದ್ದಿರಲಿಲ್ಲ.

ಮೂರನೇ ತಿಂಗಳಿಗೆ ಮನೆಗೆಲಸ ಕೊಡಬೇಕಿತ್ತು: ನಿಮ್ಮ ಮನೆಯ ಒಂದು ತಿಂಗಳ ನಿಜವಾದ ಲೆಕ್ಕ ಬರೆಯಿರಿ. ಖರ್ಚು ಹೆಚ್ಚಿದ್ದರೆ ಪ್ರತಿಯೊಂದರ ಮುಂದೆ ‘ಅಗತ್ಯ’ ಅಥವಾ ‘ಬಯಕೆ’ ಎಂದು ಗುರುತಿಸಿ, ಎರಡೂ ಮೊತ್ತ ಸಮ ಆಗುವವರೆಗೆ ಬಯಕೆಗಳನ್ನು ಹೊಡೆದುಹಾಕಿ. ಕೈಪಿಡಿಯಲ್ಲಿ ಇದ್ದದ್ದು ಇಷ್ಟೇ. ನೂರ ನಾಲ್ಕು ಪುಸ್ತಕಗಳು ಬಂದವು. ಶುಕ್ರವಾರದೊಳಗೆ ಅಂಕಗಳನ್ನು ಕಂಪ್ಯೂಟರಿಗೆ ಹಾಕಬೇಕಿತ್ತು. ಟೀಚರ್ ಕ್ಯಾಲ್ಕುಲೇಟರ್ ಹಿಡಿದು ಕೂತರು. ಮೇಲಿನ ಸಾಲುಗಳನ್ನು ಕೂಡಿಸಿ, ಕೆಳಗಿನ ಎರಡು ಮೊತ್ತ ತಾಳೆಯಾದರೆ ಇಪ್ಪತ್ತಕ್ಕೆ ಇಪ್ಪತ್ತು. ಜೊತೆಗೆ ಕೆಂಪು ಶಾಯಿಯಲ್ಲಿ, ‘ಲೆಕ್ಕ ಸರಿಯಾಗಿದೆ.’

ಮುಂದಿನ ವಾರ ಎರಡನೇ ಬೆಂಚಿನ ಕಿಟಕಿ ಪಕ್ಕದ ಹುಡುಗಿ ಬರಲಿಲ್ಲ. ಹೊಲಿಗೆಯ ಕೊನೆಯ ಬ್ಯಾಚಿನವಳು, ಒಂದೇ ಸಲಕ್ಕೆ ಕಾಲರ್ ಕೂರಿಸಿದವಳು. ತಾಯಿ ಹೋಟೆಲೊಂದರ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದರು. ತಂದೆ ಸರಕು ವ್ಯಾನಿನ ಡ್ರೈವರ್. ಬೆನ್ನು ಹಿಡಿದುಕೊಂಡು ನಾಲ್ಕು ತಿಂಗಳಿಂದ ಅರ್ಧ ಸಂಬಳ. ಜ್ವರ ಇರಬೇಕು ಎಂದುಕೊಂಡರು ಟೀಚರ್. ಒಂಬತ್ತನೇ ದಿನ, ಅವಳು ರಟ್ಟಿನ ಡಬ್ಬ ಪ್ಯಾಕ್ ಮಾಡುವ ಕಾರ್ಖಾನೆಗೆ ಹೋಗುತ್ತಿದ್ದಾಳೆ ಎಂದು ಪಕ್ಕದಲ್ಲಿ ಕೂರುವವಳು ಹೇಳಿದಳು. ಇನ್ನು ಹದಿನೈದು ದಿನ ಹಾಜರಿ ತಪ್ಪಿದರೆ ಪರೀಕ್ಷೆಯ ಪಟ್ಟಿಯಿಂದ ಹೆಸರು ಹೋಗುತ್ತಿತ್ತು. ಅಂದೇ ಸಂಜೆ ಟೀಚರ್ ಅವಳ ಮನೆಗೆ ಹೋದರು.

ಮೂರನೇ ಮಹಡಿ, ಒಂದು ಕೋಣೆ, ಒಂದು ಅಡಿಗೆಮನೆ. ತಂದೆ ನೆಲದ ಮೇಲೆ ಹಲಗೆ ಹಾಕಿಕೊಂಡು ಮಲಗಿದ್ದರು. ತಾಯಿ ಜಗಳ ಮಾಡಲಿಲ್ಲ. ಫ್ರಿಜ್ಜಿನ ಮೇಲಿಂದ ಮಗಳ ಲೆಕ್ಕದ ಪುಸ್ತಕ ತಂದು ಟೀಚರ್ ಮುಂದೆ ತೆರೆದಿಟ್ಟರು.

“ನಮಗೂ ಮನಸ್ಸಿರ್ಲಿಲ್ಲ ಮೇಡಂ. ಟೀಚರೇ ಒಪ್ಕೊಂಡಿದ್ದಾರೆ ನೋಡಮ್ಮ ಅಂತ ತೋರ್ಸಿದ್ಲು.”

ಸ್ಕೇಲ್ ಇಟ್ಟು ಎಳೆದ ಐದು ಗೆರೆಗಳಿದ್ದವು. ಬಸ್ ಪಾಸ್, ಶಾಲೆಯ ಊಟ, ಶೂ, ನೋಟ್‌ಬುಕ್, ಪರೀಕ್ಷೆ ಶುಲ್ಕ. ಐದೂ ಅವಳವೇ. ಶಾಲೆಗೆ ಹೋಗುವ ತಮ್ಮನೊಬ್ಬನಿದ್ದ, ಅವನ ಖರ್ಚಿನ ಒಂದು ಸಾಲನ್ನೂ ಅವಳು ಮುಟ್ಟಿರಲಿಲ್ಲ. ಆದಾಯದ ಕಾಲಮಿನ ಕೊನೆಯಲ್ಲಿ ಹೊಸದೊಂದು ಸಾಲು ಸೇರಿತ್ತು: ‘ಪ್ಯಾಕಿಂಗ್, ದಿನಕ್ಕೆ ಎಂಟು ಗಂಟೆ.’ ಎರಡು ಮೊತ್ತವೂ ಕೊನೆಯ ಅಂಕಿಯವರೆಗೆ ಸಮ. ಕೆಳಗೆ ಟೀಚರ ಕೆಂಪು ಶಾಯಿ.

ಮಲಗಿದಲ್ಲಿಂದಲೇ ತಂದೆ ಹೇಳಿದರು: “ನಂದೂ ಏನಾದ್ರೂ ಹೊಡೆದು ಹಾಕಕ್ಕಾಗುತ್ತಾ ಅಂತ ನೋಡ್ದೆ. ಮಾತ್ರೆ ಒಂದಿತ್ತು. ಅದರ ಮುಂದೆ ‘ಅಗತ್ಯ’ ಅಂತ ಬರ್ದುಬಿಟ್ಟಿದ್ಲು.”

ಐದೂವರೆಗೆ ಹುಡುಗಿ ಬಂದಳು. ತಲೆಗೂದಲಿನಲ್ಲಿ ರಟ್ಟಿನ ಧೂಳು. ಈ ಲೆಕ್ಕ ತಪ್ಪು ಎಂದರು ಟೀಚರ್.

“ಎಲ್ಲಿ ತಪ್ಪಿದೆ ತೋರ್ಸಿ ಮೇಡಂ, ಬಿಚ್ಚಿ ಹೊಲಿತೀನಿ” ಎಂದಳು ಅವಳು. ಅದರಲ್ಲಿ ಕೊಂಕಿರಲಿಲ್ಲ.

ಟೀಚರ್ ಒಂದು ಗಂಟೆ ಹುಡುಕಿದರು. ಫ್ರಿಜ್ಜಿನ ಕಂತಿನ ಜೊತೆ, ಯಾರನ್ನೂ ಕೇಳದೆ ಸೇರಿಸಿದ ವಿಮೆಯೊಂದು ಸಿಕ್ಕಿತು. ಅದನ್ನು ನಿಲ್ಲಿಸಿದರೆ ತಿಂಗಳಿಗೆ ತೊಂಬತ್ತು ರೂಪಾಯಿ ಉಳಿಯುತ್ತಿತ್ತು. ಹುಡುಗಿ ಪೆನ್ಸಿಲ್ ತಂದು ಕಳೆದಳು. ಅವಳ ಸಂಬಳ ಬಿಟ್ಟರೆ ಇನ್ನೂ ಏಳು ಸಾವಿರದ ಮುನ್ನೂರ ಹತ್ತು ಕಡಿಮೆ. ಪರೀಕ್ಷೆ ಮುಗಿಯುವವರೆಗೆ ಅಷ್ಟನ್ನು ತಾವೇ ಕೊಡುವುದಾಗಿ ಟೀಚರ್ ಹೇಳಿದರು.

“ಅದನ್ನ ಯಾವ ಕಾಲಂಗೆ ಹಾಕ್ಲಿ ಮೇಡಂ? ಆದಾಯಕ್ಕೋ, ಸಾಲಕ್ಕೋ?”

ದೊಡ್ಡವರ ಹತ್ತಿರ ಹಾಗಾ ಮಾತಾಡೋದು ಎಂದು ತಾಯಿ ಗದರಿದರು. “ಕೇಳ್ಲಿ ಬಿಡಿ. ಹೇಳ್ಕೊಟ್ಟಿದ್ದು ನಾನೇ ಅಲ್ವಾ” ಎಂದರು ಟೀಚರ್. ಹುಡುಗಿ ಹಣ ತೆಗೆದುಕೊಳ್ಳಲಿಲ್ಲ.

ಹೆಡ್‌ಮಾಸ್ಟರು ಮೇಲಿನವರಿಗೆ ನೆರವು ಕೋರಿ ಬರೆದರು. ಅರ್ಜಿಯ ಗಡುವು ಮುಗಿದಿದೆ ಎಂದು ಉತ್ತರ ಬಂತು. ಕೈಪಿಡಿಯಲ್ಲಿ ಇದ್ದದ್ದನ್ನೇ ಮಾಡಿದ್ದೀರಿ, ನಿಮ್ಮ ತಪ್ಪೇನಿದೆ ಎಂದು ಹೆಡ್‌ಮಾಸ್ಟರು ಟೀಚರಿಗೆ ಸಮಾಧಾನ ಹೇಳಿದರು. ಹದಿನೈದು ದಿನ ಕಳೆಯಿತು, ಹೆಸರು ಹೋಯಿತು. ಕಂಪ್ಯೂಟರಿನಲ್ಲಿ ಆ ಇಪ್ಪತ್ತು ಅಂಕವನ್ನಾದರೂ ತೆಗೆಯಲು ಟೀಚರ್ ನೋಡಿದರು. ಅದೂ ಲಾಕ್ ಆಗಿತ್ತು.

ಈ ವರ್ಷ ಅವರು ಅದೇ ಮನೆಗೆಲಸ ಕೊಟ್ಟರು, ಒಂದು ಷರತ್ತಿನ ಮೇಲೆ. ಹಾಳೆ ತಿರುವಿ, ಹೊಡೆದುಹಾಕಿದ ಪ್ರತಿ ಸಾಲೂ ಮನೆಯಲ್ಲಿ ಯಾರದ್ದು ಎಂದು ಹಿಂದೆ ಬರೆಯಬೇಕು. ಒಬ್ಬರೇ ಎರಡಕ್ಕಿಂತ ಹೆಚ್ಚು ಸಲ ಬಂದರೆ ಅಂಕ ಇಲ್ಲ, ಲೆಕ್ಕ ಬಿಚ್ಚಿ ಮತ್ತೆ ಹಾಕಬೇಕು. ಇದು ಪಠ್ಯದಲ್ಲಿ ಇಲ್ಲ ಎಂದು ತಪಾಸಣೆಗೆ ಬಂದ ಅಧಿಕಾರಿ ಬರೆದು ಹೋದರು. ತೊಂಬತ್ತೇಳು ಹಾಳೆಗಳಲ್ಲಿ ಮೂವತ್ತೊಂದರ ಹಿಂದೆ ಒಬ್ಬರೇ ಮತ್ತೆ ಮತ್ತೆ ಬಂದಿದ್ದರು. ಹೆಚ್ಚಿನವುಗಳಲ್ಲಿ ‘ಅಮ್ಮ’, ಹನ್ನೊಂದರಲ್ಲಿ ‘ನಾನು’. ಆ ಹನ್ನೊಂದನ್ನು ಟೀಚರ್ ಬೇರೆ ಕಟ್ಟಿ ಹೆಡ್‌ಮಾಸ್ಟರ ಮೇಜಿನ ಮೇಲಿಟ್ಟು, ನೆರವಿನ ಗಡುವು ಯಾವಾಗ ಎಂದು ಮೊದಲೇ ಕೇಳಿದರು. ವಿಚಾರಿಸುತ್ತೇನೆ ಎಂದು ಹೇಳಿ ಅವರು ಕಟ್ಟನ್ನು ಬೀರುವಿನಲ್ಲಿಟ್ಟರು.

ಕಳೆದ ತಿಂಗಳು ಮಧ್ಯಾಹ್ನದ ಹೊತ್ತಿಗೆ ಆ ಹುಡುಗಿ ಶಾಲೆಗೆ ಬಂದಳು. ಕೈಯಲ್ಲಿ ಖಾಸಗಿ ಅಭ್ಯರ್ಥಿಯ ಅರ್ಜಿ, ತನ್ನ ಸಂಬಳದಿಂದ ತೆಗೆದಿಟ್ಟ ಶುಲ್ಕ. ಶಾಲೆಯ ಟೀಚರೊಬ್ಬರ ಸಹಿ ಬೇಕಿತ್ತು. ಟೀಚರ್ ಮುಂಭಾಗ ಓದಿದರು. ಹಾಳೆ ತಿರುವಿ, ಹಿಂದಿನ ಸಣ್ಣ ಅಕ್ಷರಗಳ ಷರತ್ತುಗಳನ್ನು ಒಂದೊಂದಾಗಿ ಓದತೊಡಗಿದರು. “ಬೇಗ ಮೇಡಂ, ಎರಡಕ್ಕೆ ವಾಪಸ್ ಇರ್ಬೇಕು” ಎಂದಳು ಹುಡುಗಿ.

ಪರೀಕ್ಷೆ ಆರು ದಿನ, ಬೆಳಗ್ಗೆ ಹತ್ತಕ್ಕೆ, ಒಂದು ವಿಷಯ ತಪ್ಪಿದರೂ ಎಲ್ಲವೂ ರದ್ದು ಎಂದಿತ್ತು.

“ಆರು ದಿನ ರಜೆ ಕೊಡ್ತಾರಾ ನಿಮ್ಮ ಸೂಪರ್‌ವೈಸರು?”

“ಕೇಳಿಲ್ಲ.”

ಟೀಚರ್ ಸಹಿ ಹಾಕಿದರು, ಬ್ಯಾಗು ತೆಗೆದುಕೊಂಡರು, ಅವಳ ಜೊತೆಗೇ ಹೊರಟರು. ಕಾರ್ಖಾನೆ ಶಾಲೆಯಿಂದ ಹತ್ತು ನಿಮಿಷದ ದಾರಿ. ಸೂಪರ್‌ವೈಸರು ಇವರನ್ನು ರಟ್ಟಿನ ರಾಶಿಯ ಪಕ್ಕ ನಿಲ್ಲಿಸಿಕೊಂಡೇ ಮಾತಾಡಿದರು, ಮರ್ಯಾದೆಯಿಂದಲೇ ಮಾತಾಡಿದರು. ನಾಲ್ಕು ದಿನ ಕೊಟ್ಟರು. ಉಳಿದೆರಡಕ್ಕೆ ಟೀಚರ್ ಈ ವಾರ ಮತ್ತೆ ಹೋಗುವವರಿದ್ದಾರೆ.