ಸುಟ್ಟಮನಿ ಕಲ್ಯಾಣಮ್ಮ

ವಾಗದರಿಯಲ್ಲಿ ಮನೆಗೆ ಹೆಸರಿಡುವವರು ಮನೆಯವರಲ್ಲ, ಊರವರು. ಇಡುವಾಗ ಮನೆಯವರನ್ನು ಯಾರೂ ಕೇಳುವುದಿಲ್ಲ. ಇಟ್ಟ ಮೇಲೆ ತಿದ್ದುವುದೂ ಇಲ್ಲ. ಗೌಡರ ಮನೆಯ ಹೆಸರು ಅರ್ಧಮನಿ. ಈಗಿನ ಗೌಡನ ಅಜ್ಜ ಮೇಲೊಂದು ಅಂತಸ್ತು ಎತ್ತಲು ಹೋಗಿ ನಡುವೆ ಕೈಬಿಟ್ಟಿದ್ದ. ಮಗ ಅದನ್ನು ಮುಗಿಸಿದ, ಮೊಮ್ಮಗ ಬಣ್ಣ ಹಚ್ಚಿದ, ಊರ ಬಾಯಲ್ಲಿ ಅದು ಇನ್ನೂ ಅರ್ಧಮನಿಯೇ. ಯಾವಾಗಲೋ ತೊಲೆಗೆ ಜೇನು ಕಟ್ಟಿದ್ದ ಮನೆ ಜೇನಮನಿ. ಅಲ್ಲಿರುವವರು ಸಿಹಿಮಾತಿನವರೇನಲ್ಲ.

ಭೀಮಶಾನ ಮನೆ ಸುಟ್ಟಮನಿ.

ಅದು ಸುಟ್ಟದ್ದು ಅವನ ಮುತ್ತಜ್ಜನ ಕಾಲದಲ್ಲಿ. ಹಿತ್ತಲ ಗೋಡೆಗೆ ಆನಿಸಿ ಒಟ್ಟಿದ್ದ ಜೋಳದ ಕಣಿಕೆಗೆ ಕಿಡಿ ಹತ್ತಿ ಮನೆ ಬೂದಿಯಾಯಿತು. ಮನುಷ್ಯರು ಯಾರೂ ಸಾಯಲಿಲ್ಲ. ಆ ಬೆಂಕಿಯನ್ನು ಕಂಡವರು ಈಗ ಯಾರೂ ಉಳಿದಿಲ್ಲ. ಆಮೇಲೆ ಕಟ್ಟಿದ್ದು ಗಟ್ಟಿ ಕಲ್ಲಿನ ಮನೆ. ಅಂಥ ಗೋಡೆ ವಾಗದರಿಯಲ್ಲಿ ಇನ್ನೊಬ್ಬರಿಗಿಲ್ಲ. ಆದರೂ ಭೀಮಶಾನ ಕೈಹಿಡಿದು ಸೊಸೆಯಾಗಿ ಬಂದ ಮೊದಲ ವಾರವೇ ಬಾವಿಯ ಹತ್ತಿರ ಹೆಂಗಸರು ಕಲ್ಯಾಣಮ್ಮನನ್ನು ತೋರಿಸಿ, “ಸುಟ್ಟಮನಿ ಸೊಸಿ ಬಂದಾಳ, ಜಾಗಾ ಬಿಡ್ರಿ” ಎಂದರು. ಮನೆಗೆ ಬಂದು ಕೊಡ ಇಳಿಸಿ ಅವಳು ಅತ್ತೆಯನ್ನು ಕೇಳಿದಳು.

“ಅತ್ತಿ, ನಮ್ಮ ಮನಿಗಿ ಬ್ಯಾರೆ ಹೆಸರಿಲ್ಲೇನ್ರಿ?”

“ಯಾಕ, ಈಗಿಂದೀಗ ನಿನಗ ಬಿಸಿ ಹತ್ತಾಕತ್ತೇದೇನು?” ಎಂದಳು ಅತ್ತೆ.

ಕಲ್ಯಾಣಮ್ಮ ಮತ್ತೆ ಕೇಳಲಿಲ್ಲ. ಮರೆಯಲೂ ಇಲ್ಲ. ಅವಳು ಕೊರಗುವ ಜಾತಿಯ ಹೆಂಗಸಲ್ಲ. ಅತ್ತೆ ತೀರಿದ ಮೇಲೆ ಹೊಲ, ಎತ್ತು, ಆಳು ಎಲ್ಲವನ್ನೂ ಅವಳೇ ನೋಡಿಕೊಂಡಳು. ಭೀಮಶಾ ಒಳ್ಳೆಯವನು, ಮಾತು ಕಡಿಮೆ, ಊಟ ಜಾಸ್ತಿ. ಗಂಡುಮಕ್ಕಳಿಬ್ಬರು ಹೊಲದ ಕೆಲಸಕ್ಕೆ ಇಳಿದರು. ಕೊನೆಯವಳು ಸುಗಲಾ ಅಕ್ಕಲಕೋಟೆಯ ಮರಾಠಿ ಸಾಲೆಯಲ್ಲಿ ಮ್ಯಾಟ್ರಿಕ್ ಮುಗಿಸಿದಳು.

ಎಪ್ಪತ್ತೊಂದರ ಜನಗಣತಿಗೆ ಬಂದವರು ಮನೆಮನೆಯ ಬಾಗಿಲಿಗೆ ಕಪ್ಪು ಬಣ್ಣದಲ್ಲಿ ನಂಬರು ಬರೆದು ಹೋದರು. ಊರವರಿಗೆ ಅದು ಸರಕಾರದ ಹುಚ್ಚು. ಕಲ್ಯಾಣಮ್ಮನಿಗೆ ಮಾತ್ರ ಹಿಡಿಸಿತು. ನಂಬರು ಯಾರ ಮೈಮೇಲೂ ಏನನ್ನೂ ಹೊರಿಸುವುದಿಲ್ಲ. ಟಪಾಲಿನ ಹಣಮಂತಪ್ಪ ಬಂದಾಗ ಅವಳು ಕಟ್ಟೆಯ ಮೇಲೆ ನಿಂತು ಹೇಳಿದಳು.

“ಇನ್ನ ಮ್ಯಾಲ ನಮ್ಮ ಮನಿಗಿ ನಂಬರ ಎಂಬತ್ನಾಕು ಅನ್ರಿ.”

“ಆತ್ರಿ ಅವ್ವಾರ. ಖರೆ, ಎಂಬತ್ನಾಕು ಎಲ್ಲಿ ಬರತದ ಅಂತ ಯಾರರ ಕೇಳಿದ್ರ ಏನ ಹೇಳ್ಲಿ?”

“ಎಂಬತ್ಮೂರರ ಬಾಜೂಕ ಅಂತ ಹೇಳ್ರಿ.”

“ಎಂಬತ್ಮೂರ ಎಲ್ಲಿ ಅಂದ್ರ?”

ಹಣಮಂತಪ್ಪನೇ ಉತ್ತರ ಹೇಳಿದ: “ಸುಟ್ಟಮನಿ ಬಾಜೂಕ ಅನ್ನಬೇಕಾಗತದ ನೋಡ್ರಿ.”

ಅಲ್ಲಿಯವರೆಗೆ ಇದು ಕಿರಿಕಿರಿ ಅಷ್ಟೇ. ಅದು ಹಾನಿಯಾದದ್ದು ಎಪ್ಪತ್ನಾಲ್ಕರಲ್ಲಿ, ಸುಗಲಾಳನ್ನು ನೋಡಲು ಮಂಗಳವೇಢೆಯಿಂದ ಬೀಗರು ಬರುವ ದಿನ. ಹೋಳಿಗೆ ಮಾಡಿ, ಹೊಸ ಜಮಖಾನೆ ಹಾಸಿ ಕಾದರು. ಹೊತ್ತು ಇಳಿದರೂ ಯಾರೂ ಬರಲಿಲ್ಲ. ಮರುದಿನ ಸುದ್ದಿ ತಿಳಿಯಿತು. ಬಂದವರು ಬಸ್ಸಿಳಿದು ಭೀಮಶಾನ ಮನೆ ಎಲ್ಲಿ ಎಂದು ಕೇಳಿದ್ದರು. “ಯಾವ ಭೀಮಶಾ? ಸುಟ್ಟಮನಿ ಭೀಮಶಾನೇನು?” ಎಂದು ಯಾರೋ ಅಂದಿದ್ದರು. ಹುಡುಗನ ತಾಯಿ ಅಲ್ಲಿಯೇ ಸೆರಗು ಬಿಗಿದು, “ಬೆಂಕಿ ಹೆಸರಿನ ಮನಿ ಹೆಣ್ಣ ನಮಗ ಬ್ಯಾಡ” ಎಂದು ಅದೇ ಬಸ್ಸು ಹತ್ತಿದ್ದಳು. ಹೋಳಿಗೆಯನ್ನು ಆಳುಮಕ್ಕಳು ತಿಂದರು. ಸುಗಲಾ ಬಹಳ ದಿನ ಕಟ್ಟೆಗೆ ಬಂದು ಕೂಡಲಿಲ್ಲ. ಹುಡುಗಿಯ ಮದುವೆ ಹೀಗೆ ಇನ್ನೊಮ್ಮೆ ನಿಂತರೆ ಆಮೇಲೆ ಊರು ಮನೆಯ ಹೆಸರನ್ನು ಬಿಟ್ಟು ಹುಡುಗಿಗೇ ಒಂದು ಹೆಸರು ಕಟ್ಟುತ್ತದೆ. ಇದು ಕಲ್ಯಾಣಮ್ಮನಿಗೆ ಚೆನ್ನಾಗಿ ಗೊತ್ತಿತ್ತು.

ಮುಂದಿನ ಸಲ ಸೋಲಾಪುರಕ್ಕೆ ಹೋದಾಗ ಅವಳು ಬಿಳಿ ಅಮೃತಶಿಲೆಯ ಮೇಲೆ ‘ಶಾಂತಿ ನಿವಾಸ’ ಎಂದು ಕೆತ್ತಿಸಿ ತಂದಳು. ಪೇಟೆಯವರು ತಮ್ಮ ಮನೆಗೆ ತಾವೇ ಹೆಸರಿಟ್ಟುಕೊಳ್ಳುತ್ತಾರೆ, ತಾನೇಕೆ ಇಡಬಾರದು? ಕಲ್ಲನ್ನು ಬಾಗಿಲ ಬದಿಗೆ ಕೂಡಿಸಿದ ದಿನ ಎದುರುಮನೆಯ ಧರೆಪ್ಪ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದ.

“ವೈನಿ, ಶಾಂತಿ ಅಂದ್ರ ಯಾರ್ರಿ? ನಿಮ್ಮ ಮನ್ಯಾಗ ಆ ಹೆಸರಿನಾಕಿ ಯಾರೂ ಇಲ್ಲಲ್ಲ.”

“ಬರತಾಳ. ನೀ ನಿನ್ನ ಎತ್ತ ನಮ್ಮ ಕಣಕಿಗಿ ಬಿಡೂದ ನಿಲ್ಲಸಿದ್ರ ನಾಳೀಗೇ ಬರತಾಳ.”

ಕಲ್ಲು ಅಲ್ಲಿ ಕೂತಿತು. ಹೆಸರು ಕೂಡಲಿಲ್ಲ.

ಎಪ್ಪತ್ತಾರರಲ್ಲಿ ಭೀಮಶಾನ ಸೋದರತ್ತೆಯ ಮಗ ಸಾಯಬಣ್ಣ ಸುಗಲಾಳಿಗೆ ಇನ್ನೊಂದು ಸೋಯರಿಕೆ ತಂದ. ಅವನು ಸೋಲಾಪುರದ ಮಾರ್ಕೆಟ್ಟಿನಲ್ಲಿ ಜೋಳದ ವ್ಯಾಪಾರಿ. ಹುಡುಗ ಮಲ್ಲಿನಾಥ, ಚಾದರದ ವ್ಯಾಪಾರಿ ಶಾಂತಪ್ಪನ ಮಗ. ವಿಜಾಪುರ ರಸ್ತೆಯಲ್ಲಿ ಸ್ವಂತ ಬಂಗಲೆ, ಹೆಸರು ಗುರುಕೃಪಾ.

“ಅವರು ಹೆಣ್ಣ ನೋಡಾಕ ಬರೂಕಿಂತ ಮೊದಲ ನಾ ಅವರ ಮನಿ ನೋಡತೀನಿ” ಎಂದಳು ಕಲ್ಯಾಣಮ್ಮ.

“ಹಂಗ ಪದ್ಧತಿ ಇಲ್ಲ ವೈನಿ. ಮೊದಲ ಹೆಣ್ಣ, ಆಮ್ಯಾಲ ಮನಿ.”

“ಪದ್ಧತಿ ಪ್ರಕಾರ ಮಾಡಿ ಒಂದ ಸರ್ತಿ ಹೋಳಗಿ ದಂಡ ಆಗೇದ.”

ಸಾಯಬಣ್ಣ ಒಪ್ಪಿ ಅವರಿಗೆ ತಿಳಿಸಿದ. ಗಂಡಹೆಂಡತಿ ಅಕ್ಕಲಕೋಟೆಯ ಮೇಲೆ ಹಾಯುವ ಎಸ್.ಟಿ. ಬಸ್ಸು ಹಿಡಿದು ಸೋಲಾಪುರಕ್ಕೆ ಬಂದರು. ಗೋಡೆಯ ಮೇಲೆ ತಾವೇ ಬರೆದ ಹೆಸರಿನಲ್ಲಿ ಬದುಕುವವರು ಇನ್ನೊಬ್ಬರ ಹೆಸರನ್ನು ಕೆದಕುವುದಿಲ್ಲ ಎಂದು ದಾರಿಯುದ್ದಕ್ಕೂ ಕಲ್ಯಾಣಮ್ಮ ಲೆಕ್ಕ ಹಾಕಿದ್ದಳು. ವಿಜಾಪುರ ರಸ್ತೆಗೆ ಬಂದ ಮೇಲೆ ಟಾಂಗಾದವನು ಹಿಂದೆ ತಿರುಗಿದ.

“ಯಾವ ಗುರುಕೃಪಾ ಅವ್ವಾರ? ಈ ಕಡಿ ಹೆಜ್ಜಿಗೊಂದ ಗುರುಕೃಪಾ ಅದ. ಮಾಲಕರ ಹೆಸರ ಹೇಳ್ರಿ.”

“ಶಾಂತಪ್ಪನೋರು. ಚಾದರದ ವ್ಯಾಪಾರ.”

“ಹಂಗ ಹೇಳ್ರಲ್ಲ, ಕೋರ್ಟಮನಿ!”

“ವಕೀಲರ ಮನಿಯೇನು?” ಎಂದ ಭೀಮಶಾ.

“ವಕೀಲರಲ್ಲ ಕಾಕಾ, ವಕೀಲರನ್ನ ಸಾಕೋರು. ಅಣ್ಣ ತಮ್ಮ ಇಬ್ರೂ ಅಂಗಡಿ ಗೋಡಿ ಸಲುವಾಗಿ ಕೋರ್ಟಿಗಿ ಹೋಗಿ ಹೋಗಿ, ಅಲ್ಲಿ ಕೂಡೂ ಬೆಂಚ ಸವದಾವ.”

ಟಾಂಗಾ ನಡೆಯುತ್ತಲೇ ಇತ್ತು. ಭೀಮಶಾ ಹೆಂಡತಿಯ ಮುಖ ನೋಡಿದ. “ಹೊಳ್ಳಿ ಹೋಗೂಣೇನು?”

ಹಿಂತಿರುಗಿ ಹೋಗಬೇಕೆಂದೇ ಅವಳಿಗೂ ಅನ್ನಿಸಿತ್ತು. ಜಗಳದ ಮನೆಗೆ ಮಗಳನ್ನು ಕೊಡುವವರುಂಟೇ? ಬಾಯಿ ತೆರೆದವಳು ಮಂಗಳವೇಢೆಯ ಆ ಹೆಂಗಸನ್ನು ನೆನೆದು ತಡೆದಳು. ಅವಳೂ ಹೀಗೆಯೇ ರಸ್ತೆಯ ಮೇಲೆ ಒಂದು ಹೆಸರು ಕೇಳಿದ್ದಳು. ಈ ಎರಡು ವರ್ಷ ತಾನು ಆ ಹೆಂಗಸನ್ನು ಬಯ್ದದ್ದಕ್ಕೆ ಅರ್ಥವಿರಬೇಕಾದರೆ ಈಗ ಇಳಿದು ಒಳಗೆ ಹೋಗಬೇಕು. ಹಾಗೆಂದು ಕೇಳಿದ್ದು ಸುಳ್ಳು ಎಂದು ತಿಳಿಯುವ ಹಾಗೂ ಇಲ್ಲ. ತಮ್ಮ ಮನೆ ಸುಟ್ಟದ್ದು ನಿಜವೇ ತಾನೆ?

“ಆಕಿ ಸ್ಟ್ಯಾಂಡಿನಿಂದ ಹೊಳ್ಳಿದಳು. ನಾ ಹೊಳ್ಳಂಗಿಲ್ಲ. ಒಳಗ ಹೋಗಿ ಕೇಳತೀನಿ” ಎಂದಳು.

ಹುಡುಗನ ತಾಯಿ ಗಿರಿಜಾಬಾಯಿ ದಪ್ಪನೆಯ ಹೆಂಗಸು, ಅವಸರವಿಲ್ಲದ ನಡೆ. ನೀರು ಕೊಟ್ಟಳು, ಚಹಾ ಕೊಟ್ಟಳು. ಭೀಮಶಾ ಹೊರಗಿನ ಕೋಣೆಯಲ್ಲಿ ಶಾಂತಪ್ಪನ ಜೊತೆ ಕೂತ. ಒಳಗೆ ಹೆಂಗಸರಿಬ್ಬರೇ ಆದಾಗ ಕಲ್ಯಾಣಮ್ಮ ಬಟ್ಟಲು ಕೆಳಗಿಟ್ಟಳು.

“ಬಾಯಾರ, ಮೊದಲ ನಮ್ಮದ ಹೇಳತೀನಿ. ಊರಾಗ ನಮ್ಮ ಮನಿಗಿ ಸುಟ್ಟಮನಿ ಅಂತಾರ. ಮುತ್ಯಾನ ಅಪ್ಪನ ಕಾಲಕ್ಕ ಖರೇನ ಸುಟ್ಟಿತ್ತು. ಈ ಹೆಸರ ಕೇಳಿ ಒಬ್ಬರು ಬಸ್ ಸ್ಟ್ಯಾಂಡಿನಿಂದನ ಹೊಳ್ಳಿ ಹ್ವಾದ್ರು. ಇನ್ನ ನಿಮ್ಮದ ಹೇಳ್ರಿ.”

ಗಿರಿಜಾಬಾಯಿ ಹತ್ತಿರ ಸರಿದು ಕೂತಳು. “ಟಾಂಗಾದವ ಹೇಳಿದನೇನು?”

“ಹೌದ್ರಿ. ವಕೀಲರನ್ನ ಸಾಕತೀರಿ ಅಂದ.”

“ಸಾಕೋರು ಇವರು, ಅಡಗಿ ಮಾಡಾಕಿ ನಾ” ಎಂದು ಗಿರಿಜಾಬಾಯಿ ನಕ್ಕಳು. ಆಮೇಲೆ ನಗಲಿಲ್ಲ. “ಖರೆ ಅದ. ಮಾವನೋರ ಅಂಗಡಿ ಎರಡ ಪಾಲ ಆತು. ನಡುವಿನ ಗೋಡಿ ಯಾರದು ಅಂತ ಇವರು, ನಮ್ಮ ಮೈದುನ ಸಾತಲಿಂಗಪ್ಪ, ಇಬ್ರೂ ಕೋರ್ಟಿಗಿ ಹ್ವಾದ್ರು. ಮಾತ ಬಿಟ್ಟು ಒಂಬತ್ತ ವರ್ಷ ಆತು. ಅವರೂ ಇದ ಜಾಗಾದಾಗ ಬಾಜೂಕ ಮನಿ ಕಟ್ಯಾರ. ನಾಳೆ ಮುಗೀತದ ಅಂತ ನಾ ನಿಮಗ ಸುಳ್ಳ ಹೇಳಂಗಿಲ್ಲ. ಮುಗಿಯಂಗ ಕಾಣಂಗಿಲ್ಲ.”

ಕಲ್ಯಾಣಮ್ಮ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಊಟ ಮಾಡಿ ಹೋಗಿ ಎಂದಾಗ ಬೇಡ ಅನ್ನಲೂ ಇಲ್ಲ. ಅಡುಗೆಮನೆಯ ಬಾಗಿಲಲ್ಲಿ ಕೂತು ನೋಡುತ್ತಿದ್ದಳು. ಮಲ್ಲಿನಾಥ ಅಂಗಡಿಯಿಂದ ಬಂದು ನಮಸ್ಕಾರ ಮಾಡಿ ಹೊರಗೆ ಹೋಗಿ ಕೂತ. ಗಿರಿಜಾಬಾಯಿ ಗಡಿಗೆ ಬಗ್ಗಿಸಿ ನೋಡಿದಳು, ಮೊಸರು ಸಾಲದು. ಸೌಟು ಹಿಡಿದುಕೊಂಡೇ ಹಿತ್ತಲಿಗೆ ನಡೆದು ಎರಡು ಮನೆಗಳ ನಡುವಿನ ಗೋಡೆಗೆ ಟಕಟಕ ಬಡಿದಳು. ಕಲ್ಯಾಣಮ್ಮ ಹಿಂದೆಯೇ ಹೋಗಿ ನಿಂತಳು.

“ನಾಗವ್ವಾ, ಮೊಸರ ಅದನೇನು?”

ಆ ಕಡೆಯಿಂದ ಸಾತಲಿಂಗಪ್ಪನ ಹೆಂಡತಿ ಅಕ್ಕನಾಗಮ್ಮನ ದನಿ ಬಂತು. “ಅದರಿ ಅಕ್ಕಾ. ಯಾರ ಬಂದಾರ?”

“ಮಲ್ಲಿನಾಥಗ ಹೆಣ್ಣ ಕೊಡೋರು.”

“ಹೌದೇನು! ತಡೀರಿ, ಶೇಂಗಾ ಉಂಡಿನೂ ಕೊಡತೀನಿ. ನಾ ಮಾಡಿದ್ದು ಅಂತ ಭಾವನೋರ ಮುಂದ ಅನಬ್ಯಾಡ್ರಿ, ಮುಟ್ಟಂಗಿಲ್ಲ.”

“ಮುಟ್ಟತಾರ ಬಿಡ. ಹ್ವಾದ ಸರ್ತಿ ಯಾರ ಕಳಿಸ್ಯಾರ ಅಂತ ಗೊತ್ತಿದ್ದೂ ಮೂರ ಮುಟ್ಯಾರ.”

ಗೋಡೆಯ ಮೇಲಿಂದ ಬಳೆ ತೊಟ್ಟ ಕೈ ಮೊಸರಿನ ಪಾತ್ರೆಯನ್ನು ದಾಟಿಸಿತು, ಆಮೇಲೆ ಉಂಡೆಯ ಡಬ್ಬಿಯನ್ನು. ಆ ಜಾಗದಲ್ಲಿ ಗೋಡೆಯ ನೆತ್ತಿಯ ಗಿಲಾವು ಸವೆದು, ಒಂದು ಪಾತ್ರೆ ಕೂಡುವಷ್ಟು ಅಗಲಕ್ಕೆ ನುಣ್ಣಗಾಗಿತ್ತು. ಕಲ್ಯಾಣಮ್ಮ ಬೆರಳು ಆಡಿಸಿ ನೋಡಿದಳು. ಬಂದವರಿಗೆ ತೋರಿಸಲು ಒಂದು ದಿನ ಮಾಡಿದ ಆಟದಿಂದ ಗೋಡೆ ಹಾಗೆ ಸವೆಯುವುದಿಲ್ಲ. ಕೋರ್ಟು ಒಂಬತ್ತು ವರ್ಷ ನಡೆದಿದ್ದರೆ ಇದೂ ಒಂಬತ್ತು ವರ್ಷ ನಡೆದಿದೆ.

ಊಟವಾದ ಮೇಲೆ ಅವಳು ಗಿರಿಜಾಬಾಯಿಯನ್ನು ಕರೆದಳು. “ಬುಧವಾರ ಹೆಣ್ಣ ನೋಡಾಕ ಬರ್ರಿ. ಈ ನಾಗವ್ವನೋರನ್ನೂ ಕರಕೊಂಡ ಬರ್ರಿ.”

“ಪತ್ತಾ ಏನ ಅಂತ ಕೇಳಬೇಕು?”

“ಸುಟ್ಟಮನಿ ಅನ್ರಿ. ಬ್ಯಾರೆ ಏನ ಅಂದ್ರೂ ಊರ ತುಂಬ ತಿರಗತೀರಿ.”

ಆ ಸಂಜೆ ವಾಗದರಿಯಲ್ಲಿ ಸುಗಲಾ ತಾಯಿಗೆ ಕಾಲಿಗೆ ನೀರು ಕೊಟ್ಟು ಬಾಗಿಲಿಗೆ ಒರಗಿ ನಿಂತಳು. ಕಲ್ಯಾಣಮ್ಮ ಕೋರ್ಟು, ಗೋಡೆ, ಮೊಸರು ಏನನ್ನೂ ಮುಚ್ಚದೆ ಹೇಳಿದಳು.

“ಗಂಡಸರ ಜಗಳ ಅದ. ಅದು ಹೋಗಂಗಿಲ್ಲ ಅಂತ ತಿಳಕೊಂಡ ಹೋಗಬೇಕು. ಹೆಣಮಕ್ಕಳು ಚಲೋ ಅದಾರ. ಹೋಗೂದು ಬಿಡೂದು ನೀ ಹೇಳ.”

ಸುಗಲಾ ಎಲ್ಲ ಕೇಳಿಸಿಕೊಂಡಳು. “ಹುಡುಗ ಹೆಂಗದಾನ ಅವ್ವಾ?”

ಕಲ್ಯಾಣಮ್ಮನಿಗೆ ನಮಸ್ಕಾರ ಮಾಡಿದ ಎರಡು ಕೈ ನೆನಪಿತ್ತು, ಮುಖ ನೆನಪಿರಲಿಲ್ಲ. ಗಂಡನ ಕಡೆ ತಿರುಗಿದಳು. “ನೀವು ಬಾಜೂಕ ಕೂತ ಉಂಡೀರಿ. ಹೇಳ್ರಿ.”

“ನಾ ಉಂಡಿ ತಿನ್ನಾಕತ್ತಿದ್ದೆ” ಎಂದ ಭೀಮಶಾ. “ಉಂಡಿ ಚಲೋ ಆಗಿದ್ವು.”

ಸುಗಲಾ ಸೆರಗನ್ನು ಬಾಯಿಗೆ ಒತ್ತಿ ನಕ್ಕಳು. ಮಂಗಳವೇಢೆಯವರು ಹೊಳ್ಳಿಹೋದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ಮನೆಯವರು ಕಂಡಿರಲಿಲ್ಲ.

ಬುಧವಾರ ಅವರು ಬಂದರು. ಎಲ್ಲಿಯೂ ದಾರಿ ತಪ್ಪಲಿಲ್ಲ. ಗಿರಿಜಾಬಾಯಿ, ಅಕ್ಕನಾಗಮ್ಮ ಒಂದೇ ಜಮಖಾನೆಯ ಮೇಲೆ ಕೂತರು. ಶಾಂತಪ್ಪ ಅವರಿಂದ ದೂರ, ಕಂಬದ ಮಗ್ಗುಲಿಗೆ. ಸುಗಲಾ ಚಹಾ ತಂದಳು, ತಲೆ ತಗ್ಗಿಸದೆ ಹುಡುಗನನ್ನು ತಾನೇ ನೋಡಿದಳು, ಒಳಗೆ ಬಂದು ತಟ್ಟೆ ಇಟ್ಟಳು.

“ಹೂಂ ಅನ್ನ ಅವ್ವಾ” ಎಂದಳು.

ಕಲ್ಯಾಣಮ್ಮ ಕುಂಕುಮದ ಬಟ್ಟಲು ಹಿಡಿದು ಹೊರಗೆ ನಡೆದಳು.